ಅಡ್ಡಹೆಸರಿನ ನಂಟು, ರಕ್ತದ ನಂಟು

ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ 2000ದಲ್ಲಿ ತಮ್ಮದೇ ಅಡ್ಡಹೆಸರಿನ ಬೆನ್ನು ಹತ್ತಿದರು. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಮಾತಿನಲ್ಲಿ 'ಸೈಕ್' ಎಂದರೆ ಸಣ್ಣ ತೊರೆ. ತೊರೆಗಳು ಎಲ್ಲ ಊರಲ್ಲೂ ಇರುವುದರಿಂದ ಈ ಹೆಸರು ಹಲವು ಮನೆಗಳಲ್ಲಿ ಬೇರೆಬೇರೆಯಾಗಿ ಹುಟ್ಟಿರಬೇಕು ಎಂಬ ಎಣಿಕೆಯಿತ್ತು. ಪರಸ್ಪರ ಪರಿಚಯವಿಲ್ಲದ 48 ಸೈಕ್ಸ್ ಗಂಡಸರ ವೈ ವರ್ಣತಂತು ನೋಡಿದರೆ, ಶೇ. 44ರಷ್ಟು ಮಂದಿಯದು ಒಂದೇ ಬಗೆ. ಅವರೆಲ್ಲರ ಮೂಲಪುರುಷ ಒಬ್ಬನೇ ಎಂಬುದಕ್ಕೆ ಅದು ಸುಳಿವು.

ವೈ ವರ್ಣತಂತು ಹೆಚ್ಚೇನೂ ಬದಲಾಗದೆ ಅಪ್ಪನಿಂದ ಮಗನಿಗೆ ಬರುತ್ತದೆ. ಇಂಗ್ಲಿಷರ ಅಡ್ಡಹೆಸರೂ ಹಾಗೆಯೇ. ಆದರೆ ಎಲ್ಲ ಹೆಸರೂ ಒಂದೇ ಬಗೆಯವಲ್ಲ. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಅಟೆನ್‌ಬರೊದಂಥ ಅಪರೂಪದ ಹೆಸರಿನವರಲ್ಲಿ ಬಹುಪಾಲು ಮಂದಿ ಒಂದೇ ಬೇರಿನವರು. ಸ್ಮಿತ್‌ಗಳಲ್ಲಿ ಅಂಥ ನಂಟು ಕಾಣಲಿಲ್ಲ. ಸ್ಮಿತ್ ಎಂದರೆ ಕಮ್ಮಾರ, ಕಮ್ಮಾರನಿಲ್ಲದ ಊರುಂಟೆ?

ದತ್ತು, ಮಲತಂದೆಯ ಹೆಸರು, ಮದುವೆಯಾಚೆಗಿನ ಸಂಬಂಧ, ಯಾವುದೇ ಒಂದರಿಂದ ಹೆಸರೂ ರಕ್ತವೂ ಬೇರೆ ದಾರಿ ಹಿಡಿಯಬಹುದು. ಅರಮನೆಯೂ ಇದಕ್ಕೆ ಹೊರತಲ್ಲ. 1485ರಲ್ಲಿ ಯುದ್ಧದಲ್ಲಿ ಸತ್ತ ದೊರೆ ಮೂರನೇ ರಿಚರ್ಡನ ಎಲುಬುಗಳು 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕವು. ವಂಶಾವಳಿಯ ಪ್ರಕಾರ ಗಂಡು ಸಾಲಿನಲ್ಲಿ ಅವನ ಬಂಧುಗಳಾದ ಐವರ ವೈ ವರ್ಣತಂತು ಅವನದಕ್ಕೆ ಹೊಂದಲಿಲ್ಲ. ಹೊಂದಿದ್ದು, ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್‌ಎ: ರಿಚರ್ಡನ ಅಕ್ಕ ಆ್ಯನ್ ಸಾಲಿನ ಮೈಕೇಲ್ ಇಬ್ಸೆನ್ ಎಂಬ ಪೀಠೋಪಕರಣ ತಯಾರಕರದು. ದೊರೆಯ ಗುರುತು ಹತ್ತಿದ್ದು ಹೆಸರೇ ಬೇರೆಯಾದವರಿಂದ.

ಈ ಅಳತೆಗೋಲನ್ನು ಕನ್ನಡ ನಾಡಿಗೆ ತಂದರೆ ತೊಡಕು ಹೆಚ್ಚು. ಪಾಟೀಲ, ದೇಸಾಯಿ, ಕುಲಕರ್ಣಿ ಇವು ಹುದ್ದೆಯ ಹೆಸರುಗಳು. ಪುಣೆಯ ಪಾಟೀಲರಿಗೂ ವಿಜಯಪುರದ ಪಾಟೀಲರಿಗೂ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಹಳೆಮೈಸೂರಿನ ಎಷ್ಟೋ ಮನೆಗಳಲ್ಲಿ ಅಡ್ಡಹೆಸರೇ ಇಲ್ಲ, ಊರಿನದೂ ಅಪ್ಪನದೂ ಇನಿಷಿಯಲ್ ಮಾತ್ರ. ಮುಂದಿನ ತಲೆಮಾರಿಗೆ ಅದೂ ಬದಲು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ 'ಬಳಿ' ಬರುವುದು ತಾಯಿಯಿಂದ, ಥೇಟ್ ಮೈಟೋಕಾಂಡ್ರಿಯದ ಹಾಗೆ. ಅಲ್ಲಿ ವೈ ವರ್ಣತಂತು ಹಿಡಿದು ಹೊರಟವರು ಬೇರೆಯದೇ ಬಳಿಗೆ ತಲುಪುತ್ತಾರೆ.

ಹಾಗಾಗಿ ಮುಂಬಯಿಯಲ್ಲೋ ದಿಲ್ಲಿಯಲ್ಲೋ ಕೂತು ದೂರದ ನೆಂಟರನ್ನು ಹುಡುಕುವವರು ಎಂಜಲಿನ ಮಾದರಿ ಕಳಿಸುವ ಮೊದಲು ಮನೆಯ ಹಿರಿಯರನ್ನು ಕೇಳುವುದು ಒಳ್ಳೆಯದು: ಮನೆದೇವರು ಯಾವ ಊರಲ್ಲಿ? ಅಜ್ಜಿಯ ತವರು ಎಲ್ಲಿ? ಪರೀಕ್ಷೆ ಆಮೇಲೂ ಮಾಡಿಸಬಹುದು. ಅಜ್ಜಿಯನ್ನು ಕೇಳಲು ಅಷ್ಟು ವ್ಯವಧಾನವಿಲ್ಲ.