ತಣ್ಣಗಿರುವ ಕಾರಿನ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಎಂಜಿನ್‌ಗೆ ಒಳ್ಳೆಯದೇ?

‘ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಜೋರಾಗಿ ಒತ್ತಿ, ಎಂಜಿನ್ ಬೇಗ ಬಿಸಿಯಾಗುತ್ತದೆ’ ಎಂಬ ಸಲಹೆಯನ್ನು ನಾವೆಲ್ಲ ಕೇಳಿದ್ದೇವೆ. ಇದು ತಪ್ಪು.

ತಣ್ಣಗಿರುವಾಗ ಎಂಜಿನ್ ಆಯಿಲ್ ಮಂದವಾಗಿದ್ದು, ಎಲ್ಲ ಭಾಗಗಳಿಗೆ ತಲುಪಲು ಹೆಚ್ಚು ಸಮಯ ಬೇಕು. ಅಲ್ಯೂಮಿನಿಯಂ ಪಿಸ್ಟನ್ ಕೂಡ ಬಿಸಿಯಾಗಿ ಹಿಗ್ಗಿದ ಮೇಲೆಯೇ ಸಿಲಿಂಡರ್‌ಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಅದಕ್ಕೂ ಮೊದಲೇ ಆರ್‌ಪಿಎಂ ಏರಿಸಿದರೆ ಸವೆತ ಹೆಚ್ಚುತ್ತದೆ.

ಹಾಗಾದರೆ ಕಾರೇ ಅದನ್ನು ತಡೆಯುವುದಿಲ್ಲವೇ? ಮಿತಿ ಮೀರಿದರೆ ಇಂಧನ ಕಡಿತಗೊಳಿಸುವ ವ್ಯವಸ್ಥೆಯೇನೋ ಇದೆ. ಆದರೆ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಆ ಮಿತಿ ಸಾಮಾನ್ಯವಾಗಿ 6,000 ಆರ್‌ಪಿಎಂಗಿಂತ ಮೇಲಿರುತ್ತದೆ. ಎಂಜಿನ್ ತಣ್ಣಗಿದ್ದಾಗ ಮಿತಿಯನ್ನು ತಾನಾಗಿಯೇ ಇಳಿಸಿಕೊಳ್ಳುವುದು ಕೆಲವು ಕಾರುಗಳು ಮಾತ್ರ. ಉಳಿದವುಗಳಲ್ಲಿ ಎಚ್ಚರ ವಹಿಸಬೇಕಾದವರು ನಾವೇ.

ಏನು ಮಾಡಬೇಕು?
- ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಬೇಡಿ, ಇಂಧನ ವ್ಯರ್ಥ. ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಡಿ.
- ಡ್ಯಾಶ್‌ಬೋರ್ಡ್‌ನಲ್ಲಿ ನೀಲಿ ತಾಪಮಾನ ದೀಪವಿದ್ದರೆ, ಅದು ಆರುವವರೆಗೆ 2,500–3,000 ಆರ್‌ಪಿಎಂ ದಾಟಬೇಡಿ.
- ದೀಪ ಆರಿದರೆ ಕೂಲಂಟ್ ಬೆಚ್ಚಗಾಗಿದೆ ಎಂದಷ್ಟೇ ಅರ್ಥ. ಆಯಿಲ್ ಬಿಸಿಯಾಗಲು ಇನ್ನೂ ಕೆಲವು ನಿಮಿಷ ಬೇಕು.
- ಕೆಂಪು ತಾಪಮಾನ ದೀಪ ಹೊತ್ತಿದರೆ ಎಂಜಿನ್ ಅತಿಯಾಗಿ ಬಿಸಿಯಾಗಿದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.