ಪಾಠಶಾಲೆಯಲ್ಲಿ ಸೋಂಕುರೋಗ: ಚರಿತ್ರೆಯ ಒಂದು ಪಾಠ



ರಾಜ್ಯಗಳ ಗಡಿಗಳನ್ನು ಚರಿತ್ರೆಯಲ್ಲಿ ಶ್ರದ್ಧೆಯಿಂದ ಓದುವ ನಾವು, ಆ ಗಡಿಗಳನ್ನು ಲಕ್ಷಿಸದೆ ಸಂಚರಿಸಿದ ರೋಗಗಳ ಚರಿತ್ರೆಯನ್ನು ಓದುವುದು ವಿರಳ. ಕೊಳ್ಳೇಗಾಲದ ಸೀಮೆಯನ್ನೇ ನೋಡೋಣ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕೊಳ್ಳೇಗಾಲವು ಕಂಪನಿಯ ಆಳ್ವಿಕೆಗೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಹನೂರು ಆ ತಾಲ್ಲೂಕಿನೊಳಗೇ ಇದ್ದಿತು. ನೆರೆಯ ಯಳಂದೂರು ಮಾತ್ರ ಮೈಸೂರಿನಲ್ಲಿ ಉಳಿಯಿತು. 1956ರ ವರೆಗೆ ಇವುಗಳ ನಡುವೆ ಗಡಿಯಿದ್ದಿತು. ಆದರೆ ಮಾದೇಶ್ವರನ ಬೆಟ್ಟಕ್ಕೆ ನಡೆವ ಪರಸೆಯ ಜನಕ್ಕೆ ಆ ಗಡಿಯ ಗೊಡವೆ ಇರಲಿಲ್ಲ, ಸಿಡುಬಿಗೂ ಇರಲಿಲ್ಲ.

ಸಿಡುಬಿಗೆ ಪ್ರತೀಕಾರವಾದ ದಾಕು ಭಾರತದಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನಲ್ಲಿ. ಆ ಕಾಲದಲ್ಲಿ ಒಬ್ಬರ ತೋಳಿನ ಕೀವನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತಿದ್ದರು. ಹೀಗೆ ಬಹುಮಟ್ಟಿಗೆ ಮಕ್ಕಳ ತೋಳುಗಳ ಮೂಲಕವೇ ಅದು ದೇಶದಲ್ಲಿ ಹರಡಿತು. ಜನರು ಅಂಜಿದುದರಲ್ಲಿ ಆಶ್ಚರ್ಯವೇನು? ಪೂರ್ಣಯ್ಯನವರು ದಿವಾನರಾಗಿದ್ದಾಗ, 1806ರ ವೇಳೆಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡರು. ಆ ವಾರ್ತೆಯನ್ನು ಕೇಳಿ ಇತರರೂ ಮುಂದೆ ಬಂದರು. ಮರುವರ್ಷ ಯಳಂದೂರು ಅದೇ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ದಾಕಿನ ಕಾರ್ಯ ಮುಂದುವರಿದು, 1980ರಲ್ಲಿ ಸಿಡುಬು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಪ್ರಭುತ್ವದ ಆಜ್ಞೆಗಿಂತ ನಂಬಿಕೆಗೆ ಪಾತ್ರರಾದವರ ನಿದರ್ಶನ ಹೆಚ್ಚು ಫಲಕಾರಿ ಎಂಬುದೇ ಇದರ ಪಾಠ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಹಾಕತೊಡಗಿದಾಗ, ಮೊಬೈಲುಗಳಲ್ಲಿ ಗಾಳಿಮಾತು ಹಬ್ಬಿ ಅನೇಕ ತಂದೆತಾಯಿಗಳು ಹಿಂಜರಿದರು. ಹಳೆಯ ಅಂಜಿಕೆಯೇ ಹೊಸ ವೇಷದಲ್ಲಿ ಬಂದಿತ್ತು. ದಡಾರವಾದರೋ ಅಲ್ಪವಲ್ಲ, ರೋಗಿಯಾದ ಬಾಲಕನು ಎದ್ದುಹೋದ ಮೇಲೂ ಎರಡು ಗಂಟೆಗಳವರೆಗೆ ಅದರ ಸೋಂಕು ಕೋಣೆಯ ಗಾಳಿಯಲ್ಲಿ ನಿಲ್ಲಬಲ್ಲದು. ನೂರಕ್ಕೆ 95 ಮಕ್ಕಳಾದರೂ ಎರಡು ಸಲ ಲಸಿಕೆ ಪಡೆದಿದ್ದರೆ ಮಾತ್ರ, ಲಸಿಕೆ ಹಾಕಿಸಲಾಗದ ದುರ್ಬಲ ಶಿಶುವಿಗೂ ರಕ್ಷಣೆ. ಬಿಳಿಗಿರಿ ಮತ್ತು ಮಾದೇಶ್ವರ ಬೆಟ್ಟಗಳ ಸೋಲಿಗರ ಪೋಡುಗಳಂಥ ದೂರದ ನೆಲೆಗಳಲ್ಲಿ ಒಂದು ಮಗು ತಪ್ಪಿಹೋದರೂ ಆ ಕೊರತೆ ಎಲ್ಲರದೂ ಆಗುತ್ತದೆ.

ಲಸಿಕೆಯಿಲ್ಲದ ನೆಗಡಿ ಕೆಮ್ಮುಗಳಿಗೆ ತೆರೆದ ಕಿಟಕಿ, ಸಾಬೂನು, ನೀರು ಇವೇ ಮದ್ದು. ಇವುಗಳೊಡನೆ ಇನ್ನೊಂದು ಸಾಧನವು ಪ್ರತಿ ಉಪಾಧ್ಯಾಯರ ಮೇಜಿನ ಮೇಲಿದೆ. ಅದು ಹಾಜರಿ ಪುಸ್ತಕ. ಒಂದೇ ಬೀದಿಯ ಮೂವರು ಮಕ್ಕಳು ಒಂದೇ ವಾರದಲ್ಲಿ ಬಾರದಿದ್ದರೆ ಆ ಪುಸ್ತಕವೇ ಮುನ್ಸೂಚನೆ ಕೊಡುತ್ತದೆ. ಆದರೆ ನಾವು ಒಂದು ದಿನವೂ ತಪ್ಪದೆ ಬಂದ ಬಾಲಕನಿಗೆ ಬಹುಮಾನವಿತ್ತು, ಜ್ವರ ಬಂದವನನ್ನೂ ಶಾಲೆಗೆ ಎಳೆದುತರುತ್ತೇವೆ. ಉಪಾಧ್ಯಾಯವೃತ್ತಿಯ ನಾವೂ ಈ ತಪ್ಪಿಗೆ ಹೊರತಲ್ಲ. ಜ್ವರದ ದಿನ ಮನೆಯಲ್ಲಿ ಉಳಿದ ಮಗು ತನ್ನ ಗೆಳೆಯರಿಗೆ ಉಪಕಾರ ಮಾಡಿತೆಂದು ಹೇಳುವ ಧೈರ್ಯ ನಮಗೆ ಬರಬೇಕು. ರಾಣಿಯವರ ನಿದರ್ಶನವು ಅಂದು ಮಾಡಿದ ಕೆಲಸವನ್ನು ಇಂದು ತರಗತಿಯ ಉಪಾಧ್ಯಾಯರ ನಿದರ್ಶನವು ಮಾಡಬಲ್ಲದೆಂದು ನಮ್ಮ ನಂಬಿಕೆ.