ಒಂದೇ ಟಿಕೆಟ್ಟಿಗೆ ಎರಡು ಬಾಲ್ಯ

1988ರ ಏಪ್ರಿಲ್ 16ರಂದು ಜಪಾನಿನ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳು ತೆರೆಕಂಡವು. ಎರಡೂ ಕೈಯಿಂದ ಬರೆದ ಚಿತ್ರಗಳನ್ನು ಜೋಡಿಸಿ ಮಾಡಿದ ಆನಿಮೇಷನ್ ಸಿನಿಮಾಗಳು. ಎರಡೂ ಸ್ಟುಡಿಯೊ ಜಿಬ್ಲಿಯ ತಯಾರಿಕೆಗಳು. ಎರಡರಲ್ಲೂ ನಾಲ್ಕು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಒಬ್ಬಳ ಹೆಸರು ಮೇಯಿ. ಅವಳು ಮನೆಯ ಹಿತ್ತಲಿನ ಕಾಡಿನಲ್ಲಿ ಮಲಗಿರುವ ದೈತ್ಯಪ್ರಾಣಿಯೊಂದರ ಹೊಟ್ಟೆಯ ಮೇಲೆ ನಿದ್ದೆಹೋಗುತ್ತಾಳೆ. ಇನ್ನೊಬ್ಬಳ ಹೆಸರು ಸೆತ್ಸುಕೊ. ಅವಳು ಯುದ್ಧದ ಕೊನೆಯ ಬೇಸಿಗೆಯಲ್ಲಿ ಅನ್ನವಿಲ್ಲದೆ ಸಾಯುತ್ತಾಳೆ.

ಮೊದಲನೆಯದು ಹಯಾವೊ ಮಿಯಾಝಾಕಿ ನಿರ್ದೇಶಿಸಿದ ‘ನನ್ನ ನೆರೆಯ ಟೊಟೊರೊ’. ಎರಡನೆಯದು ಇಸಾವೊ ತಕಾಹಾತ ನಿರ್ದೇಶಿಸಿದ ‘ಮಿಣುಕುಹುಳುಗಳ ಸಮಾಧಿ’. ಇವನ್ನು ಜೊತೆಗೂಡಿಸಿದ್ದಕ್ಕೆ ವ್ಯಾಪಾರದ ಕಾರಣವೂ ಇತ್ತು. ಹಳ್ಳಿಯ ಮನೆ, ಇಬ್ಬರು ಹುಡುಗಿಯರು, ಒಂದು ವಿಚಿತ್ರ ಪ್ರಾಣಿ, ಇಷ್ಟನ್ನೇ ನಂಬಿ ಹಣ ಹೂಡಲು ಯಾರೂ ಮುಂದೆ ಬಂದಿರಲಿಲ್ಲ. ಪ್ರಸಿದ್ಧ ಪ್ರಕಾಶನ ಸಂಸ್ಥೆಯೊಂದರ ಹೆಸರಾಂತ ಕತೆಯ ಜೊತೆ ಕಟ್ಟಿದ ಮೇಲೆಯೇ ಟೊಟೊರೊಗೆ ದಾರಿ ತೆರೆಯಿತು. ಆದರೆ ಇಂದು ಹಿಂತಿರುಗಿ ನೋಡಿದರೆ ಆ ಜೋಡಿ ಬರಿಯ ಲೆಕ್ಕಾಚಾರದಂತೆ ತೋರುವುದಿಲ್ಲ. ಜಪಾನಿನ ಆನಿಮೇಷನ್ ಚಿತ್ರಗಳು ಬಾಲ್ಯದ ಬೆರಗನ್ನು ಹಿಡಿದಿಡುವಷ್ಟು ಚೆನ್ನಾಗಿ ಬೇರೆಯವು ಹಿಡಿಯಲಾರವು ಎಂಬ ಮಾತಿದೆ. ಆ ಬೆರಗು ಎಲ್ಲಿಂದ ಬಂತು? ಉತ್ತರ ಹುಡುಕಲು 1945ಕ್ಕೆ ಹೋಗಬೇಕು.

ಸೇನೆಗೆ ಸೇರಿದ ಬೆರಗು

ಜಪಾನಿನಲ್ಲಿ ಚಲಿಸುವ ಚಿತ್ರಗಳ ಕಲೆ 1917ರಷ್ಟು ಹಳೆಯದು. ಮೊದಲ ದಿನಗಳಲ್ಲಿ ಅವು ಕೆಲವೇ ನಿಮಿಷಗಳ ಹಾಸ್ಯದ ತುಣುಕುಗಳಾಗಿದ್ದವು. ಪೂರ್ಣ ಪ್ರಮಾಣದ ಆನಿಮೇಷನ್ ಚಿತ್ರವೊಂದು ಅಲ್ಲಿ ತೆರೆಗೆ ಬಂದದ್ದು 1945ರ ಏಪ್ರಿಲ್‌ನಲ್ಲಿ. ಅದನ್ನು ಮಾಡಿಸಿದ್ದು ನೌಕಾಸೇನೆ, ನಿರ್ದೇಶಿಸಿದ್ದು ಮಿತ್ಸುಯೊ ಸೆಯೊ. ಹೆಸರು ‘ಮೊಮೊತಾರೊ: ಸಮುದ್ರದ ದೈವಯೋಧರು’. ಪೀಚ್ ಹಣ್ಣಿನಿಂದ ಹುಟ್ಟಿ, ಪ್ರಾಣಿಗಳನ್ನು ಕಟ್ಟಿಕೊಂಡು ರಾಕ್ಷಸರನ್ನು ಗೆಲ್ಲುವ ಮೊಮೊತಾರೊನ ಕತೆ ಜಪಾನಿನ ಪ್ರತಿ ಮಗುವಿಗೂ ಗೊತ್ತು. ಈ ಚಿತ್ರದಲ್ಲಿ ಅವನು ಸೇನಾಪತಿ. ಕರಡಿಮರಿ, ಕೋತಿ, ನಾಯಿಮರಿ, ಕಾಡುಕೋಳಿಗಳು ನಾವಿಕರು. ರಾಕ್ಷಸರು ಯಾರೆಂದರೆ ತಲೆಯ ಮೇಲೆ ಕೊಂಬಿರುವ ಬಿಳಿಯರು.

ವಿಶೇಷವೆಂದರೆ ಚಿತ್ರ ತುಂಬಾ ಸೊಗಸಾಗಿದೆ. ಅದರಲ್ಲಿ ಒಂದು ದೃಶ್ಯವಿದೆ. ನಮ್ಮ ಎಕ್ಕದ ಹತ್ತಿಯಂತೆ ಗಾಳಿಯಲ್ಲಿ ತೇಲುವ ಡ್ಯಾಂಡೆಲಿಯನ್ ಹೂವಿನ ಬೀಜಗಳು ಆಕಾಶದ ತುಂಬ ಹಾರುತ್ತವೆ. ಯಾವ ಮಗುವಾದರೂ ಬಾಯ್ತೆರೆದು ನೋಡುವಂಥ ನೋಟ ಅದು. ಆದರೆ ರಜೆಗೆಂದು ಊರಿಗೆ ಬಂದ ಪುಟ್ಟ ಸೈನಿಕನ ಕಣ್ಣಿಗೆ ಆ ಬೀಜಗಳು ಪ್ಯಾರಾಚೂಟುಗಳಾಗಿ ಕಾಣುತ್ತವೆ. ಚಿತ್ರದ ಕೊನೆಯಲ್ಲಿ ಹಳ್ಳಿಯ ಮರಿಗಳು ಮರದಿಂದ ನೆಲಕ್ಕೆ ಜಿಗಿಯುವ ಆಟ ಆಡುತ್ತವೆ. ಅವು ಜಿಗಿಯುವ ಜಾಗದಲ್ಲಿ ಅಮೆರಿಕದ ನಕ್ಷೆ ಬರೆದಿರುತ್ತದೆ. ಮಗುವಿನ ಬೆರಗನ್ನೂ ಆಟವನ್ನೂ ಸೇನೆಗೆ ಭರ್ತಿಮಾಡಿಕೊಂಡ ಚಿತ್ರ ಇದು.

ಅದನ್ನು ನೋಡಬೇಕಾದ ಮಕ್ಕಳೇ ಅಷ್ಟರಲ್ಲಿ ನಗರಗಳಲ್ಲಿ ಇರಲಿಲ್ಲ. 1944ರ ಬೇಸಿಗೆಯಿಂದ ದೊಡ್ಡ ನಗರಗಳ ಶಾಲಾಮಕ್ಕಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಳ್ಳಿಗಳಿಗೆ ಸಾಗಿಸಲಾಗಿತ್ತು. 1945ರ ಮಾರ್ಚ್‌ನಲ್ಲಿ ಟೋಕಿಯೊ ಮತ್ತು ಒಸಾಕಾ ಬಾಂಬಿನ ಬೆಂಕಿಗೆ ಸಿಕ್ಕಿದ್ದವು. ಸುಟ್ಟ ಒಸಾಕಾದ ಒಂದು ಚಿತ್ರಮಂದಿರದಲ್ಲಿ ಆ ಚಿತ್ರ ನೋಡಿದ ಕೆಲವರಲ್ಲಿ 16 ವರ್ಷದ ಹುಡುಗನೊಬ್ಬನಿದ್ದ. ಹೆಸರು ಒಸಾಮು ತೆಝುಕಾ. ಪ್ರಚಾರದ ಮಾತುಗಳ ಅಡಿಯಲ್ಲಿ ಹುದುಗಿದ್ದ ಕನಸು ಅವನನ್ನು ತಟ್ಟಿತು. ತಾನೂ ಒಂದು ದಿನ ಇಂಥ ಚಿತ್ರ ಮಾಡಬೇಕೆಂದು ಆತ ನಿಶ್ಚಯಿಸಿದ. ಮುಂದೆ 1963ರ ಜನವರಿ 1ರಂದು ಆರಂಭವಾದ ‘ಆಸ್ಟ್ರೊ ಬಾಯ್’ ಧಾರಾವಾಹಿಯಿಂದ ಜಪಾನಿನ ದೂರದರ್ಶನಕ್ಕೆ ಆನಿಮೇಷನ್ನಿನ ಚಟ ಹಿಡಿಸಿದವರು ಇದೇ ತೆಝುಕಾ.

ಬೆಂಕಿಯಿಂದ ಪಾರಾದ ಮಕ್ಕಳು

ಟೊಟೊರೊ ಮತ್ತು ಮಿಣುಕುಹುಳುಗಳ ನಿರ್ದೇಶಕರಿಬ್ಬರೂ ಅದೇ ಬೆಂಕಿಯನ್ನು ಕಂಡವರು. 1935ರಲ್ಲಿ ಹುಟ್ಟಿದ ತಕಾಹಾತ ಒಂಬತ್ತು ವರ್ಷದವರಿದ್ದಾಗ, 1945ರ ಜೂನ್ 29ರ ನಸುಕಿನಲ್ಲಿ ಒಕಾಯಾಮಾ ನಗರದ ಮೇಲೆ ಬಾಂಬು ಬಿತ್ತು. ರಾತ್ರಿಯುಡುಪಿನಲ್ಲಿ ಬರಿಗಾಲಲ್ಲಿ ಓಡಿ ಅವರು ಬದುಕಿದರು. 1941ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಮಿಯಾಝಾಕಿಯವರದು ಯುದ್ಧವಿಮಾನಗಳ ಬಿಡಿಭಾಗ ತಯಾರಿಸುವ ಕುಟುಂಬ. ಆ ವರ್ಷದ ಜುಲೈನಲ್ಲಿ ಉತ್ಸುನೊಮಿಯಾ ನಗರ ಉರಿದಾಗ ನಾಲ್ಕು ವರ್ಷದ ಆ ಮಗುವನ್ನು ಮನೆಯವರು ಟ್ರಕ್ಕಿನಲ್ಲಿ ಹಾಕಿಕೊಂಡು ಪಾರಾದರು. ದಾರಿಯಲ್ಲಿ ಮಗುವನ್ನು ಎತ್ತಿಕೊಂಡವರೊಬ್ಬರು ತಮ್ಮನ್ನೂ ಹತ್ತಿಸಿಕೊಳ್ಳಿ ಎಂದು ಬೇಡಿದರು. ಟ್ರಕ್ಕು ನಿಲ್ಲಲಿಲ್ಲ. ಆ ಕೂಗು ಬಹುಕಾಲ ತಮ್ಮ ಬೆನ್ನುಬಿಡಲಿಲ್ಲವೆಂದು ಮಿಯಾಝಾಕಿ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ.

ಯುದ್ಧ ಮುಗಿದ ಮೇಲೂ ಅವರ ಮನೆಗೆ ನೆಮ್ಮದಿ ಬರಲಿಲ್ಲ. ತಾಯಿಗೆ ಬೆನ್ನುಮೂಳೆಯ ಕ್ಷಯ ತಗುಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಟೊಟೊರೊ ಚಿತ್ರದ ತಾಯಿ ಆಸ್ಪತ್ರೆಯಲ್ಲಿರುವುದು ಹೀಗೆ ಅನುಭವದಿಂದ ಬಂದದ್ದು. ಆ ಮನೆಯ ಮಕ್ಕಳು ಗಂಡುಹುಡುಗರಾಗಿದ್ದರೆ ಚಿತ್ರ ಮಾಡುವುದು ತಮಗೆ ಕಷ್ಟವಾಗುತ್ತಿತ್ತು ಎಂದು ಅವರು ಹೇಳಿದ್ದುಂಟು.

ಇವರಿಬ್ಬರೂ ಆನಿಮೇಷನ್ನಿಗೆ ಬಂದದ್ದು ತೊಯೇ ಸಂಸ್ಥೆಯ ಮೂಲಕ. 1956ರಲ್ಲಿ ಸ್ಥಾಪನೆಯಾದ ತೊಯೇ ಆನಿಮೇಷನ್ ಶಾಖೆ 1958ರಲ್ಲಿ ಜಪಾನಿನ ಮೊದಲ ವರ್ಣಮಯ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರ ‘ಬಿಳಿ ಹಾವಿನ ಕತೆ’ಯನ್ನು ಬಿಡುಗಡೆ ಮಾಡಿತು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಿಯಾಝಾಕಿ ಅದನ್ನು ನೋಡಿ ಕರಗಿಹೋದರು. ತಕಾಹಾತ 1959ರಲ್ಲಿ, ಮಿಯಾಝಾಕಿ 1963ರಲ್ಲಿ ತೊಯೇ ಸೇರಿದರು.

ಅವರ ದಾರಿಯನ್ನು ಗೊತ್ತುಮಾಡಿದ್ದು 1974ರ ದೂರದರ್ಶನ ಧಾರಾವಾಹಿ ‘ಆಲ್ಪ್ಸ್ ಪರ್ವತದ ಹುಡುಗಿ ಹೈಡಿ’. 52 ಕಂತುಗಳ ಅದನ್ನು ನಿರ್ದೇಶಿಸಿದ್ದು ತಕಾಹಾತ. ದೃಶ್ಯಗಳ ವಿನ್ಯಾಸ ಮಿಯಾಝಾಕಿಯವರದು. ಕೆಲಸ ಆರಂಭಿಸುವ ಮುನ್ನ, 1973ರಲ್ಲಿ, ತಂಡ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಕೊಟ್ಟಿಗೆ, ಮನೆಗಳನ್ನು ಕಣ್ಣಾರೆ ನೋಡಿತು. ರೋಬೋಟುಗಳು ಕಾದಾಡುತ್ತಿದ್ದ ಕಾಲದಲ್ಲಿ ಈ ಧಾರಾವಾಹಿ ಒಂದು ಮಗು ಬೆಟ್ಟ ಹತ್ತುವುದನ್ನು, ಒಲೆಯ ಬಿಸಿಗೆ ಚೀಸ್ ಕರಗುವುದನ್ನು, ಹುಲ್ಲಿನ ಹಾಸಿಗೆಯ ಮೇಲೆ ಹೊದಿಕೆ ಹರಡುವುದನ್ನು ಸಾವಧಾನವಾಗಿ ತೋರಿಸಿತು. ಬೆರಗಿಗೆ ಮಂತ್ರದಂಡ ಬೇಕಾಗಿಲ್ಲ, ಮಗುವಿನ ಕಣ್ಣಿನ ಎತ್ತರದಲ್ಲಿ ನಿಂತು ತಾಳ್ಮೆಯಿಂದ ನೋಡಿದರೆ ಸಾಕು ಎಂಬುದು ಅವರಿಗೆ ಅಲ್ಲಿ ಖಚಿತವಾಯಿತು. ಇಬ್ಬರೂ ಸೇರಿದ ಸ್ಟುಡಿಯೊ ಜಿಬ್ಲಿ 1985ರಲ್ಲಿ ಹುಟ್ಟಿತು.

ನಗದ ಅಪ್ಪ, ಒಪ್ಪುವ ಅಜ್ಜಿ

ಟೊಟೊರೊ ಚಿತ್ರದ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. 1950ರ ದಶಕದಲ್ಲಿ ಸತ್ಸುಕಿ ಮತ್ತು ಮೇಯಿ ಎಂಬ ಅಕ್ಕತಂಗಿಯರು ಅಪ್ಪನೊಂದಿಗೆ ಹಳ್ಳಿಯ ಹಳೆಯ ಮನೆಯೊಂದಕ್ಕೆ ಬರುತ್ತಾರೆ. ಅಮ್ಮ ಹತ್ತಿರದ ಆಸ್ಪತ್ರೆಯಲ್ಲಿದ್ದಾಳೆ. ಕಾಡಿನ ಕರ್ಪೂರದ ಮರದಲ್ಲಿ ವಾಸವಾಗಿರುವ ಟೊಟೊರೊ ಮಕ್ಕಳ ಕಣ್ಣಿಗೆ ಬೀಳುತ್ತದೆ. ಖಳನಾಯಕ ಇಲ್ಲ, ಯುದ್ಧ ಇಲ್ಲ, ನಿಧಿ ಇಲ್ಲ.

ಆದರೆ ಬೆರಗು ಹೇಗೆ ಹುಟ್ಟುತ್ತದೆಂದು ಗಮನಿಸಿ. ಮೇಯಿ ನೆಲದಲ್ಲಿ ಬಿದ್ದ ಓಕ್ ಬೀಜವೊಂದನ್ನು ಹೆಕ್ಕುತ್ತಾಳೆ, ಆಮೇಲೆ ಇನ್ನೊಂದನ್ನು, ಮತ್ತೊಂದನ್ನು. ಹಾಗೆ ಹೆಕ್ಕುತ್ತ ಹೋದವಳಿಗೆ ಪುಟ್ಟ ಟೊಟೊರೊ ಸಿಗುತ್ತದೆ. ಅದರ ಬೆನ್ನುಹತ್ತಿ ಪೊದೆಯ ಸುರಂಗದಲ್ಲಿ ನುಸುಳಿದರೆ ದೊಡ್ಡ ಟೊಟೊರೊ. ಮಗುವಿನ ಗಮನ ಯಾವ ಹೆಜ್ಜೆಯಲ್ಲಿ ನಡೆಯುತ್ತದೋ ಕ್ಯಾಮೆರಾ ಕೂಡ ಅದೇ ಹೆಜ್ಜೆಯಲ್ಲಿ ನಡೆಯುತ್ತದೆ.

ದೊಡ್ಡವರ ನಡವಳಿಕೆ ಇನ್ನೂ ಮುಖ್ಯ. ಮನೆಯ ಮೂಲೆಯಲ್ಲಿ ಕಂಡ ಮಸಿಯುಂಡೆಗಳ ಬಗ್ಗೆ ಮಕ್ಕಳು ಹೇಳಿದಾಗ, ಚಿಕ್ಕವಳಿದ್ದಾಗ ತಾನೂ ಕಂಡಿದ್ದೆ ಎನ್ನುತ್ತಾಳೆ ಪಕ್ಕದ ಮನೆಯ ಅಜ್ಜಿ. ಟೊಟೊರೊವನ್ನು ಕಂಡೆನೆಂದ ಮೇಯಿಯ ಮಾತಿಗೆ ಅಪ್ಪ ನಗುವುದಿಲ್ಲ. ಕಾಡಿನ ಒಡೆಯನನ್ನು ಕಂಡಿರಬೇಕು, ಅವನು ಯಾವಾಗಲೂ ಸಿಗುವವನಲ್ಲ ಎಂದು ತಿಳಿಹೇಳಿ, ಮಕ್ಕಳನ್ನು ಕರೆದೊಯ್ದು ಆ ಮರಕ್ಕೆ ತಲೆಬಾಗುತ್ತಾನೆ. ನಮ್ಮ ದೇವರಕಾಡುಗಳನ್ನು ಬಲ್ಲವರಿಗೆ ಈ ನಮಸ್ಕಾರ ಅಪರಿಚಿತವೆನಿಸದು. ಮಕ್ಕಳ ಬೆರಗು ಉಳಿಯುವುದು ದೊಡ್ಡವರು ಅದಕ್ಕೆ ಮರ್ಯಾದೆ ಕೊಟ್ಟಾಗ ಮಾತ್ರ ಎಂಬುದನ್ನು ಚಿತ್ರ ಒಂದೂ ಉಪದೇಶವಿಲ್ಲದೆ ಹೇಳಿಬಿಡುತ್ತದೆ.

ಹಾಗೆಂದು ಭಯ ಮಾಯವಾಗಿಲ್ಲ. ಅಮ್ಮ ಮನೆಗೆ ಬರುವುದು ಮುಂದೆ ಹೋಯಿತೆಂದು ತಿಳಿದಾಗ, ಅದುವರೆಗೆ ಅಡುಗೆ ಮಾಡಿ ತಂಗಿಯ ತಲೆಬಾಚುತ್ತಿದ್ದ ಸತ್ಸುಕಿ ಅಜ್ಜಿಯ ಮುಂದೆ ಬಿಕ್ಕಿಬಿಕ್ಕಿ ಅಳುತ್ತಾಳೆ. ಅಮ್ಮನಿಗೆ ಕೊಡಲೆಂದು ಒಂದು ಜೋಳದ ತೆನೆ ಹಿಡಿದು ಮೇಯಿ ಒಬ್ಬಳೇ ಹೊರಟುಬಿಡುತ್ತಾಳೆ. ಊರವರೆಲ್ಲ ಹುಡುಕುತ್ತಾರೆ. ಕೆರೆಯಲ್ಲಿ ಪುಟ್ಟ ಚಪ್ಪಲಿಯೊಂದು ಸಿಕ್ಕಾಗ ನೋಡುವವರ ಎದೆ ಧಸಕ್ಕೆನ್ನುತ್ತದೆ. ಅದು ಮೇಯಿಯದಲ್ಲ. ಟೊಟೊರೊ ಸಹಾಯಕ್ಕೆ ಬರುವುದು ಇಂಥ ಹೊತ್ತಿನಲ್ಲಿ. ಅದು ಅಮ್ಮನ ಕಾಯಿಲೆ ವಾಸಿಮಾಡುವುದಿಲ್ಲ. ಕಳೆದುಹೋದ ತಂಗಿಯ ಬಳಿಗೆ ಅಕ್ಕನನ್ನು ಮುಟ್ಟಿಸುತ್ತದೆ, ಅಷ್ಟೆ.

ದೀಪವಾದ ಹುಳುಗಳು

ಈಗ ಎರಡನೆಯ ಹುಡುಗಿಯ ಕತೆ. ಅಕಿಯುಕಿ ನೊಸಾಕಾ 1967ರಲ್ಲಿ ಪ್ರಕಟಿಸಿದ ಕತೆಯನ್ನು ತಕಾಹಾತ ಆರಿಸಿಕೊಂಡಿದ್ದರು. ಕೋಬೆ ನಗರದ ಬಾಂಬುದಾಳಿಯಲ್ಲಿ ಮನೆ ಕಳೆದುಕೊಂಡ ನೊಸಾಕಾ ಆಗ 14ರ ಹುಡುಗ. ಜೊತೆಗಿದ್ದ ಪುಟ್ಟ ಸಾಕುತಂಗಿ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಹಸಿವಿನಿಂದ ತೀರಿಕೊಂಡಳು. ಅವಳ ಪಾಲಿನ ಆಹಾರವನ್ನು ತಾನು ತಿಂದೆನೆಂಬ ಪಾಪಪ್ರಜ್ಞೆ ಅವರನ್ನು ಕಾಡಿತು. ಕತೆಯಲ್ಲಿ ಅಣ್ಣ ಸೈತಾ ತಂಗಿಯನ್ನು ಜೋಪಾನ ಮಾಡುವವನು. ನಿಜಜೀವನದಲ್ಲಿ ತಾನು ಆಗಲಾರದೆ ಹೋದ ಅಣ್ಣನನ್ನು ನೊಸಾಕಾ ಕತೆಯಲ್ಲಿ ಸೃಷ್ಟಿಸಿಕೊಂಡರು.

ಇಲ್ಲಿಯೂ ಬೆರಗಿದೆ. ಕೆರೆದಂಡೆಯ ಗುಹೆಯಲ್ಲಿ ತಂಗಿಗೆ ಕತ್ತಲೆಂದರೆ ಭಯ. ಅಣ್ಣ ಮಿಣುಕುಹುಳುಗಳನ್ನು ಹಿಡಿದು ತಂದು ಸೊಳ್ಳೆಪರದೆಯೊಳಗೆ ಬಿಡುತ್ತಾನೆ. ಕತ್ತಲೆಲ್ಲ ಮಿನುಗುತ್ತದೆ. ಬೆಳಗಾಗುವಷ್ಟರಲ್ಲಿ ಹುಳುಗಳೆಲ್ಲ ಸತ್ತಿವೆ. ಸೆತ್ಸುಕೊ ಅವಕ್ಕೆ ಗುಂಡಿ ತೋಡಿ ಮಣ್ಣು ಮುಚ್ಚುತ್ತಾಳೆ. ಅಮ್ಮನೂ ಸತ್ತು ಮಣ್ಣಾದದ್ದು ತನಗೆ ಗೊತ್ತೆನ್ನುತ್ತಾಳೆ. ಅಣ್ಣ ಬಚ್ಚಿಟ್ಟಿದ್ದ ಸುದ್ದಿ ಅದು. ಬೆರಗು ತಿಳಿವಳಿಕೆಯಾಗಿ ಮಾಗುವ ಈ ಗಳಿಗೆಯಷ್ಟು ಎದೆ ಹಿಂಡುವ ದೃಶ್ಯ ಸಿನಿಮಾ ಚರಿತ್ರೆಯಲ್ಲಿ ಅಪರೂಪ.

ಎರಡೂ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೇಯಿಗೆ ಇದ್ದದ್ದು ಸೆತ್ಸುಕೊಗೆ ಇರಲಿಲ್ಲ. ಅದು ಟೊಟೊರೊ ಅಲ್ಲ. ಅನ್ನ ಕೊಡುವ ಅಜ್ಜಿ, ಮಳೆಯಲ್ಲಿ ಮಾತಿಲ್ಲದೆ ತನ್ನ ಕೊಡೆ ಕೊಟ್ಟು ಓಡುವ ಪಕ್ಕದ ಮನೆಯ ಹುಡುಗ, ಕಾಣೆಯಾದ ಮಗುವಿಗಾಗಿ ಕೆಲಸ ಬಿಟ್ಟು ಹುಡುಕುವ ಊರು. ಸೆತ್ಸುಕೊ ಸತ್ತದ್ದು ಬಾಂಬಿನಿಂದಲ್ಲ, ನೆರೆಯವರಿಲ್ಲದ್ದರಿಂದ. ‘ನೆರೆಯ’ ಎಂಬ ಮಾತು ಮಿಯಾಝಾಕಿಯವರ ಚಿತ್ರದ ಹೆಸರಿನಲ್ಲೇ ಇದೆ.

ಮರಳಿ ಬಂದ ಬೀಜ

ಚಿತ್ರಮಂದಿರದಲ್ಲಿ ಟೊಟೊರೊಗೆ ಸಿಕ್ಕ ಯಶಸ್ಸು ಸಾಧಾರಣ. ಟೀವಿಯಲ್ಲಿ ಪ್ರಸಾರವಾದ ನಂತರ ಅದು ಮನೆಮಾತಾಯಿತು, ಕೊನೆಗೆ ಜಿಬ್ಲಿಯ ಲಾಂಛನವೇ ಆಯಿತು. 2001ರ ‘ಸ್ಪಿರಿಟೆಡ್ ಅವೇ’ 2002ರಲ್ಲಿ ಬರ್ಲಿನ್ ಉತ್ಸವದ ಚಿನ್ನದ ಕರಡಿಯನ್ನೂ 2003ರಲ್ಲಿ ಆಸ್ಕರನ್ನೂ ಗೆದ್ದಾಗ ಜಗತ್ತು ಜಿಬ್ಲಿಯತ್ತ ತಿರುಗಿತು. ತಕಾಹಾತ 2018ರಲ್ಲಿ ತೀರಿಕೊಂಡರು. ಮಿಯಾಝಾಕಿಯವರ 2023ರ ‘ದ ಬಾಯ್ ಅಂಡ್ ದ ಹೆರಾನ್’ ಮತ್ತೆ ಯುದ್ಧದ ಬೆಂಕಿಯಿಂದಲೇ ಆರಂಭವಾಗುತ್ತದೆ. ಅದಕ್ಕೂ 2024ರಲ್ಲಿ ಆಸ್ಕರ್ ಬಂತು.

ನಮ್ಮ ಕಡೆಯವರಿಗೂ ಈ ಪರಂಪರೆ ಹೊಸದಲ್ಲ. 1990ರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಕರ್ನಾಟಕದ ಮನೆಮನೆಗಳಲ್ಲೂ ಮಕ್ಕಳು ದೂರದರ್ಶನದ ಮುಂದೆ ಕೂತು ನೋಡುತ್ತಿದ್ದ ‘ಜಂಗಲ್ ಬುಕ್’ ಧಾರಾವಾಹಿ ಜಪಾನಿನದು. ಅದನ್ನು ತಯಾರಿಸಿದ ನಿಪ್ಪಾನ್ ಆನಿಮೇಷನ್ ಹೈಡಿ ಮಾಡಿದವರ ಬಳಗದಿಂದಲೇ ಹೊರಟ ಸಂಸ್ಥೆ. ಮೋಗ್ಲಿಯನ್ನು ನಮ್ಮವನೆಂದೇ ತಿಳಿದವರಿಗೆ ಅವನ ಚಿತ್ರ ಬರೆದದ್ದು ಟೋಕಿಯೊದಲ್ಲಿ ಎಂಬುದು ಬಹುಶಃ ಹೊಳೆದಿರಲಿಕ್ಕಿಲ್ಲ.

ಟೊಟೊರೊ ಚಿತ್ರಕ್ಕೆ ಪ್ರೇರಣೆಯಾದದ್ದು ಟೋಕಿಯೊ ಪಕ್ಕದ ತೊಕೊರೊಝಾವಾ, ಸಯಾಮಾ ಗುಡ್ಡಗಳ ಸೀಮೆ. ಹೊಲ, ಕೆರೆ, ಸೌದೆಕಾಡು ಒಂದಕ್ಕೊಂದು ಹೊಂದಿಕೊಂಡಿದ್ದ ಆ ನೆಲವನ್ನು ನಗರ ನುಂಗುತ್ತ ಬಂದಿತ್ತು. ಚಿತ್ರ ನೋಡಿದ ಜನ ಸುಮ್ಮನೆ ಕೂರಲಿಲ್ಲ. 1990ರಲ್ಲಿ ಟೊಟೊರೊ ಹೆಸರಿನಲ್ಲೇ ನಿಧಿಯೊಂದು ಆರಂಭವಾಗಿ, ಸಾರ್ವಜನಿಕರ ದೇಣಿಗೆಯಿಂದ 1991ರಲ್ಲಿ ಮೊದಲ ತುಂಡು ಕಾಡನ್ನು ಕೊಂಡಿತು. ಅಲ್ಲಿಂದೀಚೆಗೆ ಇಂಥ ಹತ್ತಾರು ತುಂಡುಗಳು ಉಳಿದಿವೆ.

ಮಕ್ಕಳು ಟೊಟೊರೊವನ್ನು ಮತ್ತೆಮತ್ತೆ ನೋಡುತ್ತಾರೆಂದು ತಂದೆತಾಯಿಗಳು ಹೇಳಿದರೆ ಮಿಯಾಝಾಕಿಯವರಿಗೆ ಕಸಿವಿಸಿ. ಅಷ್ಟು ನೋಡುವ ಬದಲು ಹೊರಗೆ ಹೋಗಿ ಬೀಜ ಹೆಕ್ಕಲಿ ಎಂಬುದು ಅವರ ನಿಲುವು. 1945ರ ಚಿತ್ರದಲ್ಲಿ ಹಾರುವ ಬೀಜ ಮಗುವಿನ ಕಣ್ಣಿಗೆ ಪ್ಯಾರಾಚೂಟಾಗಿತ್ತು. 1988ರಲ್ಲಿ ಸತ್ಸುಕಿ ಮತ್ತು ಮೇಯಿ ಟೊಟೊರೊ ಕೊಟ್ಟ ಬೀಜಗಳನ್ನು ಅಂಗಳದಲ್ಲಿ ಬಿತ್ತಿ ದಿನವೂ ಕಾಯುತ್ತಾರೆ. ಒಂದು ರಾತ್ರಿ ಅವು ಆಕಾಶದೆತ್ತರ ಬೆಳೆಯುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಹೆಮ್ಮರವಿಲ್ಲ, ಆದರೆ ಮಣ್ಣಿನಲ್ಲಿ ಮೊಳಕೆಗಳು ನಿಜವಾಗಿಯೂ ತಲೆಯೆತ್ತಿವೆ. ಬೆಂಕಿಯಿಂದ ಪಾರಾದ ಒಂದು ತಲೆಮಾರು ಮುಂದಿನವರ ಕೈಗೆ ಬೀಜವನ್ನು ಬೀಜವಾಗಿಯೇ ಹಿಂದಿರುಗಿಸಿತು. ಅದನ್ನು ಬಿತ್ತಲು ನೆಲ ಉಳಿಸಿಕೊಡುವುದು ದೊಡ್ಡವರ ಕೆಲಸ.